ದಾರ ಕಟ್ಟಿದ ಸರಪಳಿ

ಗ್ಯಾಸ್ ಆಫ್ ಮಾಡಿದ್ದೇನೆ, ಬಾಗಿಲು ಎರಡು ಸಲ ನೋಡಿ ಬಂದಿದ್ದೇನೆ, ಮಗು ಮಲಗಿದೆ. ಆದರೂ ತಿಂಗಳಿಂದ ಒಂದೇ ಮಾತು ತಲೆ ಕೊರೆಯುತ್ತಿದೆ. ಅಕ್ಕ ನನ್ನ ಹತ್ತಿರ ಬೀಗ ಯಾಕೆ ಕೇಳಲಿಲ್ಲ?

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುತ್ತಿರುವವಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ನನಗೆ ದೂರದೃಷ್ಟಿ ಚೆನ್ನಾಗಿದೆ ಅನ್ನುತ್ತಿದ್ದಳು.

ಪ್ರತಿ ತಿಂಗಳ ಮೊದಲ ಶನಿವಾರ ತಾನೂ ಸೇರಿ ಅಂಗಡಿಯ ನಾಲ್ವರು ಹೆಂಗಸರನ್ನು ಹೊರಡಿಸುತ್ತಿದ್ದವಳು ಅವಳೇ. ನಮ್ಮ ಕಡೆ ಸಂಜೆಯ ಮೇಲೆ ಬಸ್ಸಿಲ್ಲ. ಸ್ಟೇಷನ್ನಿನವರೆಗೆ ಸೈಕಲ್, ಅಲ್ಲಿಂದ ಪೇಟೆಗೆ ರೈಲು. ಸಿನಿಮಾ, ಊಟ, ಕೊನೆಯ ರೈಲಿಗೆ ವಾಪಸ್ಸು. ನಾಲ್ಕೂ ಸೈಕಲ್ಲಿಗೆ ಒಂದೇ ಉದ್ದನೆಯ ಸರಪಳಿ, ಒಂದೇ ಬೀಗ. ಸರಪಳಿ ಅಕ್ಕನದು; ಬೀಗವೂ ಅದರ ಕೀಲಿಕೈಯೂ ನನ್ನ ಪರ್ಸಿನಲ್ಲಿ. ಇಂಟರ್‌ವಲ್ಲಿಗೇ ಮನೆ ನೆನಪಾಗಿ ಎದ್ದು ನಿಲ್ಲುವವಳು ನಾನು. ಅದಕ್ಕೇ ಅಕ್ಕ ಕಾನೂನು ಮಾಡಿದ್ದಳು: "ಓಡಿಹೋಗೋಳ ಕೈಗೇ ಬೀಗ ಕೊಡಬೇಕು. ಮೂವರನ್ನ ಬೀದೀಲಿ ನಿಲ್ಲಿಸಿ ಹೋಗೋ ಧೈರ್ಯ ಇವಳಿಗೆಲ್ಲಿದೆ?" ನಿಜ. ಆ ಬೀಗದಿಂದಾಗಿಯೇ ನಾನು ಎಷ್ಟೋ ಸಿನಿಮಾಗಳ ಕೊನೆ ನೋಡಿದೆ.

ವಾಪಸ್ಸು ಬರುವಾಗ ಅಕ್ಕ ಮುಂದೆ. ಲೈಟಿದ್ದದ್ದು ಅವಳ ಸೈಕಲ್ಲಿಗೊಂದೇ. ಒಬ್ಬೊಬ್ಬರನ್ನೇ ಅವರವರ ತಿರುವಿನಲ್ಲಿ ಬಿಟ್ಟು, ಕೊನೆಗೆ ನನ್ನನ್ನೂ ಬಿಟ್ಟು, ಒಬ್ಬಳೇ ಹೋಗುವಳು. ಮನೆ ಸೇರಿದ ಮೇಲೆ ನನ್ನ ಫೋನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುವಳು. ಅದು ಬರುವವರೆಗೆ ನನಗೆ ನಿದ್ದೆಯಿಲ್ಲ.

ಹೆರಿಗೆಗೆಂದು ಕೆಲಸ ಬಿಟ್ಟು ವರ್ಷವಾಯಿತು. ಇನ್ನಿಬ್ಬರಲ್ಲಿ ಒಬ್ಬಳು ಮನೆ ಬದಲಾಯಿಸಿ ದೂರ ಹೋದಳು, ಇನ್ನೊಬ್ಬಳಿಗೆ ಮೊಣಕಾಲು ನೋವು. ಮೊದಮೊದಲು ಅಕ್ಕನ ಫೋನು ಬರುತ್ತಿತ್ತು. ಮಗುವಿಗೆ ಜ್ವರ, ಮಗುವಿಗೆ ಹಲ್ಲು, ಆಮೇಲೆ ಮಾಡ್ತೀನಿ ಅಂತ ನಾನೇ ಇಟ್ಟುಬಿಡುತ್ತಿದ್ದೆ. ಆ ಆಮೇಲೆ ಬರಲೇ ಇಲ್ಲ. ಈಗ ಹಗಲೆಲ್ಲ ಮಗುವನ್ನು ಬಿಟ್ಟರೆ ನನ್ನ ಮಾತು ಕುಕ್ಕರಿನ ಜೊತೆ. ಅದಾದರೂ ಮೂರು ಸಲ ಉತ್ತರ ಕೊಡುತ್ತದೆ.

ಕಳೆದ ತಿಂಗಳ ಮೊದಲ ಶನಿವಾರ ನಮ್ಮವರು ಸ್ಟೇಷನ್ನಿನಿಂದ ನಗುತ್ತಾ ಬಂದರು. ಅಕ್ಕನ ಸೈಕಲ್ ಕಂಬದ ಹತ್ತಿರ ಒಂದೇ ನಿಂತಿತ್ತಂತೆ. ಸರಪಳಿ ನಾಲ್ಕು ಸುತ್ತು ಸುತ್ತಿದೆ, ಬೀಗ ಮಾತ್ರ ಇಲ್ಲ. ತುದಿಗಳನ್ನು ಕನ್ನಡಕಕ್ಕೆ ಕಟ್ಟುವ ದಾರದಿಂದ ಗಂಟು ಹಾಕಿದ್ದಾಳೆ.

"ಅದನ್ನ ಕದಿಯೋಕೆ ಕಳ್ಳ ಯಾಕೆ, ನಮ್ಮ ಪುಟ್ಟಿ ಸಾಕು," ಅಂದರು.

ನನಗೆ ನಗು ಬರಲಿಲ್ಲ. ಒಬ್ಬಳೇ ಹೋಗಿದ್ದಾಳೆ. ಹೊಸ ಬೀಗವನ್ನೂ ಕೊಂಡಿಲ್ಲ, ಹಳೆಯದನ್ನೂ ಕೇಳಿಲ್ಲ. ಕೋಪವೋ, ಇಲ್ಲಾ ಕೇಳುವಷ್ಟು ಸಲಿಗೆಯೂ ಉಳಿದಿಲ್ಲವೋ.

ಇವತ್ತು ಮತ್ತೆ ಮೊದಲ ಶನಿವಾರ. ಆರೂವರೆ ರೈಲಿಗೆ ಹತ್ತು ನಿಮಿಷವಿದೆ. ಬೀಗವನ್ನು ಮಡಿಲಲ್ಲಿಟ್ಟುಕೊಂಡು ಫೋನ್ ಮಾಡಿದೆ.

"ಅಕ್ಕ, ಬೀಗ ನನ್ನ ಹತ್ರಾನೇ ಇದೆ." ಹಲೋ ಅನ್ನಲೂ ಮರೆತಿದ್ದೆ.

ಪ್ಲಾಟ್‌ಫಾರ್ಮಿನ ಗದ್ದಲದ ನಡುವೆ ಅವಳ ದನಿ.

"ಗೊತ್ತು ಕಣೇ. ಕೇಳಿದ್ರೆ ನೀನು ಯಾರ ಕೈಲಾದ್ರೂ ಕಳಿಸಿಬಿಡ್ತಿದ್ದೆ. ಆಮೇಲೆ ನೀನು ಬರೋಕೆ ನೆಪ ಏನಿರ್ತಿತ್ತು?"

ಒಳಗೆ ಮಗು ಎದ್ದು ಅತ್ತಿತು. ಅಲ್ಲಿ ರೈಲು ಬಂದ ಸದ್ದು.

"ಇವತ್ತು ಆಗಲ್ಲ ಅಕ್ಕ," ಅಂದೆ. "ಮನೆ ಸೇರಿದ ಮೇಲೆ ಒಂದು ರಿಂಗ್ ಕೊಡು. ಎದ್ದಿರ್ತೀನಿ."