ಕತ್ತರಿಯವನ ಜಪಾನಿ

ವೇಮಗಲ್‌ನಲ್ಲಿ ನನಗೆ ಕಟಿಂಗ್ ಮಾಡುತ್ತಿದ್ದವನು ಗೌನಿಪಲ್ಲಿ ಕಡೆಯ ತೆಲುಗಿನವನು. ಊರ ಪಕ್ಕದ ಫ್ಯಾಕ್ಟರಿಯ ಜಪಾನಿ ಎಂಜಿನಿಯರುಗಳು ಬಂದು ಕುರ್ಚಿಯಲ್ಲಿ ಕೂತರೆ ಅವರ ಭಾಷೆಯಲ್ಲೇ ಹರಟುತ್ತಿದ್ದ. ಅದು ಹೇಗಯ್ಯಾ ಕಲಿತೆ ಎಂದರೆ, ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಕಟಕಟ ಆಡಿಸಿ, "ಶಾನಾ ಈಜಿ ಸಾರ್" ಅನ್ನುತ್ತಿದ್ದ. ಜಪಾನಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದಂತೆ, ಇಂಗ್ಲಿಷೇ ತಲೆಕೆಳಗಂತೆ. ಇಷ್ಟನ್ನೂ ನನಗೆ ತೆಲುಗಿನಲ್ಲೇ ಹೇಳುತ್ತಿದ್ದ.

ಒಂದು ದಿನ ರೇಗಿ ಕೇಳಿದೆ: "ಜಪಾನಿ ಬರುತ್ತೆ, ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ. ನನ್ನ ಹತ್ರ ಕನ್ನಡ ಯಾಕೆ ಮಾತಾಡಲ್ಲ?"

ಕತ್ತರಿ ನಿಂತಿತು. ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಹೇಳಿದ: "ನಾನು ತಪ್ಪು ಮಾತಾಡಿದ್ರೆ ಅವರು ತಿದ್ತಾರೆ ಸಾರ್. ನೀವು ಮೊದಲನೇ ದಿನಾನೇ ನಕ್ಬಿಟ್ರಿ."

ಆಮೇಲೆ, "ಸ್ವಲ್ಪ ತಲೆ ಬಗ್ಗಿಸಿ" ಎಂದ. ಬಗ್ಗಿಸಿದೆ.