ಎಂಟರಲ್ಲಿ ಎರಡು ಕಳೆದು ಅರ್ಧ

ಯಳಂದೂರಿನಿಂದ ಬೆಳಿಗ್ಗೆ ಎಂಟೂಕಾಲಿಗೆ ಹೊರಡುವ ಕೊಳ್ಳೇಗಾಲದ ಬಸ್ಸಿನಲ್ಲಿ ದೀಪಶ್ರೀ ಹನ್ನೊಂದು ವರ್ಷ ಓಡಾಡಿದಳು. ಕಿಟಕಿ ಪಕ್ಕದ ಸೀಟು ಅವಳದು. ಅದರ ಪಕ್ಕದ್ದು ಮಾಂಬಳ್ಳಿಯಲ್ಲಿ ಹತ್ತುವ ಚನ್ನಾಜಮ್ಮನದು. ಬೇರೆ ಯಾರಾದರೂ ಅಲ್ಲಿ ಕೂರಲು ಬಂದರೆ ದೀಪಶ್ರೀ ಬ್ಯಾಗು ಇಟ್ಟು, "ಬತ್ತಾರೆ, ಬತ್ತಾರೆ" ಎಂದು ಮುಖ ಗಂಟಿಕ್ಕುತ್ತಿದ್ದಳು.

ಚನ್ನಾಜಮ್ಮ ಕೊಳ್ಳೇಗಾಲದ ಒಂದು ರೇಷ್ಮೆ ಘಟಕದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುವವಳು. ಮೂವತ್ತು ವರ್ಷ ಕುದಿನೀರಿನಲ್ಲಿ ಅದ್ದಿದ ಬೆರಳು, ತುದಿಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಪ್ರತಿ ತಿಂಗಳೂ ಅವಳನ್ನು ವಾಪಸ್ಸು ಕಳಿಸುತ್ತಿತ್ತು. "ನಾನು ನಾನೇ ಅಲ್ವಂತೆ ಕಣವ್ವ, ಆ ಮಿಷನ್ನು ಹೇಳ್ತದೆ" ಎಂದು ನಗುವಳು. ಮಕ್ಕಳಿಲ್ಲದ ಹೆಂಗಸು. ಬಾಳೆಎಲೆಯಲ್ಲಿ ಕಟ್ಟಿಕೊಂಡು ಬಂದ ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ದೀಪಶ್ರೀಯದೇ.

ದೀಪಶ್ರೀ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪುಟ್ಟಮಲ್ಲಪ್ಪನವರ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ. ಅಲ್ಲಿ ತಯಾರಾಗುತ್ತಿದ್ದುದು ಒಂದೇ ಸಾಮಾನು: ರೇಷ್ಮೆ ಘಟಕಗಳ ಬಾಯ್ಲರಿಗೆ ಹಾಕುವ ಪುಟ್ಟ ಪೆಟ್ಟಿಗೆ. ಉಗಿಯ ಒತ್ತಡ ಮಿತಿ ಮುಟ್ಟಿದ ಕೂಡಲೇ ಬೆಂಕಿಗೆ ಗಾಳಿ ಊದುವ ಫ್ಯಾನನ್ನು ಅದು ನಿಲ್ಲಿಸಬೇಕು. ಅದಕ್ಕೆ ಬುದ್ಧಿ ಹೇಳುವುದು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ರೇಡಿಯೋ ರಿಪೇರಿ ಮಾಡುತ್ತಿದ್ದ ಪುಟ್ಟಮಲ್ಲಪ್ಪನವರು ಐವತ್ತು ದಾಟಿದ ಮೇಲೆ ಆ ಭಾಷೆ ಕಲಿತು, ಮೊದಲ ಫೈಲನ್ನು ತಾವೇ ಬರೆದವರು. ಎಂಥ ಮನುಷ್ಯ! ದೀಪಶ್ರೀಗೆ ಅಕ್ಷರ ಅಕ್ಷರ ತಿದ್ದಿ ಕಲಿಸಿದವರೂ ಅವರೇ.

ಅವರದೊಂದು ನಿಯಮವಿತ್ತು. ಬಾಯ್ಲರಿನ ತಗಡಿನ ಮೇಲೆ ಎಂಟು ಕೆ.ಜಿ. ಒತ್ತಡ ಎಂದು ಬರೆದಿದ್ದರೆ ಪೆಟ್ಟಿಗೆ ನಾಲ್ಕಕ್ಕೇ ನಿಲ್ಲಿಸಬೇಕು. "ಬಾಯ್ಲರ್ ಗಟ್ಟಿ ಇರ್ತದೆ ಕಣಮ್ಮ, ಬೇಸಿನ್ನಿಗೆ ಓಗೋ ಪೈಪು ಗುಜರೀದು" ಎನ್ನುತ್ತಿದ್ದರು. ಈ ಅರ್ಧ ಮಾಡುವ ಕೆಲಸಕ್ಕೆ ಅವರು ಒಂದು ಮ್ಯಾಕ್ರೋ ಬರೆದಿದ್ದರು. ಮ್ಯಾಕ್ರೋ ಅಂದರೆ ಮತ್ತೇನಲ್ಲ, ಉದ್ದದ ಸಾಲಿಗೆ ಇಟ್ಟ ಗಿಡ್ಡ ಹೆಸರು. ಹೆಸರು ಕಂಡಲ್ಲೆಲ್ಲ ಕಂಪ್ಯೂಟರ್ ಆ ಸಾಲನ್ನು ತಂದು ಅಂಟಿಸುತ್ತದೆ. ಅಂಟಿಸುತ್ತದೆ ಅಷ್ಟೇ, ಯೋಚನೆ ಮಾಡುವುದಿಲ್ಲ.

ಪುಟ್ಟಮಲ್ಲಪ್ಪನವರು ತೀರಿಹೋದ ಮೇಲೆ ಮಗ ಬಸವಕುಮಾರ್ ಅವರ ಫೈಲನ್ನು ಪ್ರಿಂಟ್ ಮಾಡಿಸಿ, ಕಟ್ಟು ಹಾಕಿಸಿ, ಅಪ್ಪನ ಫೋಟೋ ಪಕ್ಕ ನೇತುಹಾಕಿದ. ಆಯುಧಪೂಜೆಗೆ ಸ್ಕ್ರೂಡ್ರೈವರಿಗಿಂತ ಮೊದಲು ಅದಕ್ಕೇ ವಿಭೂತಿ.

ಹೀಗಿರುವಾಗ ಮೈಸೂರಿನ ಕಡೆಯ ಖರೀದಿದಾರರು ಒಂದು ಷರತ್ತು ಹಾಕಿದರು. ಪೆಟ್ಟಿಗೆಗೆ ಹಾಕುವ ಬರವಣಿಗೆ ಒಂದು ತಪಾಸಣೆ ಪ್ರೋಗ್ರಾಂನಲ್ಲಿ ಪಾಸಾಗಿರಬೇಕು. ಆ ಪ್ರೋಗ್ರಾಂ ಸಾಲು ಸಾಲನ್ನೂ ಓದಿ, ರೂಢಿ ತಪ್ಪಿದಲ್ಲಿ ಕೆಂಪಕ್ಷರದಲ್ಲಿ ದೂರುತ್ತದೆ. ಮಾಡಿದ್ದಕ್ಕೆಲ್ಲ ಕೊಂಕು ತೆಗೆಯುವ ಅದಕ್ಕೆ ದೀಪಶ್ರೀ 'ಅತ್ತೆ' ಎಂದು ಹೆಸರಿಟ್ಟಳು. ಅತ್ತೆ ಮೊದಲ ದಿನ ಅರವತ್ಮೂರು ಕೊಂಕು ತೆಗೆದಳು. ದೀಪಶ್ರೀ ತನ್ನ ಪಾಲಿನದನ್ನು ವಾರದಲ್ಲಿ ಸರಿಮಾಡಿದಳು. ಮಿಕ್ಕಿದ್ದೆಲ್ಲ ಪುಟ್ಟಮಲ್ಲಪ್ಪನವರ ಫೈಲಿನದು. ಅದರಲ್ಲೊಂದು: ಅರ್ಧ ಮಾಡುವ ಮ್ಯಾಕ್ರೋದಲ್ಲಿ, ಒಳಗೆ ಬರುವ ಅಂಕಿಯ ಸುತ್ತ ಬ್ರ್ಯಾಕೆಟ್ ಇಲ್ಲ.

ಎರಡು ಬ್ರ್ಯಾಕೆಟ್. ಅರ್ಧ ನಿಮಿಷದ ಕೆಲಸ. ಬಸವಕುಮಾರ್ ಪರದೆ ನೋಡಿದವನೇ ಕೆರಳಿದ.

"ಅಪ್ಪಾಜಿ ಬರ್ದದ್ದಕ್ಕೆ ಕೆಂಪು ಗೀಟಾ? ಹದಿನೈದು ವರ್ಸ ಒಂದು ಬಾಯ್ಲರ್ ಕೆಮ್ಮಿಲ್ಲ ಕಣಮ್ಮ. ಅದನ್ನ ತಿದ್ದಕ್ಕೆ ನಾನ್ಯಾರು, ನೀನ್ಯಾರು? ಆ ಫೈಲ್ ಬಿಟ್ಟು ಮಿಕ್ಕಿದ್ದ ನೋಡಕ್ಕೇಳು ನಿನ್ನತ್ತೆಗೆ."

ದೀಪಶ್ರೀ ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಆ ಫೈಲು ಮುಟ್ಟಲು ಕೈ ಬರಲಿಲ್ಲ. ತನಗೆ ಅನ್ನದ ದಾರಿ ತೋರಿಸಿದ ಮನುಷ್ಯನ ಬರವಣಿಗೆಗೆ ತಪ್ಪು ಹಾಕುವುದೇ? 'ಈ ಫೈಲು ನೋಡಬೇಡ' ಎಂದು ಅತ್ತೆಯ ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದಳು. ಯಾರು, ಯಾವತ್ತು ಸೇರಿಸಿದ್ದು ಎಂದು ಕಂಪ್ಯೂಟರ್ ಅವಳ ಹೆಸರು ಬರೆದಿಟ್ಟುಕೊಂಡಿತು. ಅತ್ತೆ ತೆಪ್ಪಗಾದಳು.

ನಾಲ್ಕು ತಿಂಗಳ ಮೇಲೆ ಪಾಲಾರ್ ಆಚೆಯ ತಮಿಳುನಾಡಿನಿಂದ ಸೆಕೆಂಡ್‌ಹ್ಯಾಂಡ್ ಬಾಯ್ಲರುಗಳು ಬರಲು ಶುರುವಾದವು. ತಗಡಿನ ಮೇಲೆ ಎಂಟು ಅಂತಿದ್ದರೂ ಎಷ್ಟು ವರ್ಷ ಉರಿದಿವೆಯೋ ಬಲ್ಲವರಾರು? ಇನ್ನೂ ಹುಷಾರಾಗಿರೋಣ ಎಂದುಕೊಂಡಳು ದೀಪಶ್ರೀ. ಹಳೇ ಬಾಯ್ಲರಾದರೆ ಎಂಟರಲ್ಲಿ ಮೊದಲು ಎರಡು ಕಳೆದು, ಆಮೇಲೆ ಅರ್ಧ. ಮೂರಕ್ಕೆ ನಿಲ್ಲಬೇಕು. ಯಾರೂ ಹೇಳಿರಲಿಲ್ಲ, ಅವಳದೇ ಕಾಳಜಿ. ಗುರುಗಳ ಮ್ಯಾಕ್ರೋದ ಒಳಗೆ 'ಎಂಟು ಕಳೆ ಎರಡು' ಎಂದು ಹಾಕಿದಳು. ಬ್ರ್ಯಾಕೆಟ್ ಇಲ್ಲದ ಮ್ಯಾಕ್ರೋ ಅದನ್ನು ಹಾಗೇ ಅಂಟಿಸಿತು. ಲೆಕ್ಕದಲ್ಲಿ ಭಾಗಾಕಾರ ಮೊದಲು, ಕಳೆಯುವುದು ಆಮೇಲೆ. ಎರಡರ ಅರ್ಧ ಒಂದು. ಎಂಟರಲ್ಲಿ ಒಂದು ಹೋದರೆ ಏಳು.

ಮೂರಕ್ಕೆ ನಿಲ್ಲಬೇಕಾದದ್ದು ಏಳು! ವರ್ಕ್‌ಶಾಪಿನಲ್ಲಿ ಪರೀಕ್ಷೆ ಮಾಡಿದ್ದು ಹೊಸ ಬಾಯ್ಲರಿನ ಲೆಕ್ಕ ಹಾಕಿ. ಅದು ಸರಿಯಾಗಿ ನಾಲ್ಕಕ್ಕೆ ನಿಂತಿತು. ಕೆಂಪು ಬರಲಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾಲ್ಕು ಪೆಟ್ಟಿಗೆ ಹೊರಟವು. ಒಂದು ಹೋದದ್ದು ಚನ್ನಾಜಮ್ಮನ ಘಟಕಕ್ಕೆ.

ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಒತ್ತಡ ಆರು ದಾಟಿದಾಗ, ಚನ್ನಾಜಮ್ಮನ ಬೇಸಿನ್ನಿನ ಮೇಲಿದ್ದ ಪೈಪಿನ ಜಾಯಿಂಟು ಕಿತ್ತುಕೊಂಡಿತು. ಎರಡೂ ಕೈ ಮೊಣಕೈವರೆಗೆ ಬೆಂದವು. ಕುತ್ತಿಗೆಯ ಚರ್ಮ ಸೀರೆಯ ಜೊತೆಯೇ ಬಂತು.

ಸುದ್ದಿ ಕೇಳಿದ ದೀಪಶ್ರೀ ಮೊದಲು ಮಿಕ್ಕ ಮೂರು ಘಟಕಕ್ಕೆ ಫೋನು ಮಾಡಿ ಬೆಂಕಿ ಆರಿಸಲು ಹೇಳಿದಳು. ಆಮೇಲೆ ತಾನು ಸೇರಿಸಿದ್ದ ಸಾಲನ್ನು ಅಳಿಸಿ ತಪಾಸಣೆ ಓಡಿಸಿದಳು. ಕೆಂಪಕ್ಷರ ಅಲ್ಲೇ ಕಾದಿತ್ತು. ಅಯ್ಯೋ ಶಿವನೇ, ಇದನ್ನು ನಾನು ಓದಿದ್ದೆನಲ್ಲ! ಆ ಕೆಂಪು ಸಾಲನ್ನೂ ತನ್ನ ಹೆಸರಿದ್ದ ದಾಖಲೆಯನ್ನೂ ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು.

ಮಾರನೆಯ ದಿನ ಬಸವಕುಮಾರ್ ಒಂದು ಕಾಗದ ಟೈಪ್ ಮಾಡಿಸಿ ತಂದ. ಪೆಟ್ಟಿಗೆ ಸರಿಯಾಗಿತ್ತು, ಕೆಲಸದವಳು ಉಗಿಯ ವಾಲ್ವ್ ತಪ್ಪಾಗಿ ತಿರುಗಿಸಿದ್ದರಿಂದ ಹೀಗಾಯಿತು ಎಂದಿತ್ತು.

"ಮಧ್ಯಾಹ್ನ ಕಾರ್ಖಾನೆ ಇಲಾಖೆ ಆಪೀಸರ್ ಬತ್ತಾರೆ. ಸೈನ್ ಹಾಕು."

"ಆಕೆದೇ ತಪ್ಪು ಅಂತಾದ್ರೆ ಬಿಡಿಗಾಸು ಪರಿಹಾರ ಸಿಕ್ಕಲ್ಲ ಅಣ್ಣ. ಆ ಕೈ ಇಟ್ಕಂಡು ಏನ್ ಮಾಡ್ತಾರೆ?"

"ಅಪ್ಪಾಜಿ ಹೆಸರು ಬೀದಿಗೆ ತತ್ತೀಯಾ?" ಎಂದವನ ಕಣ್ಣು ಗೋಡೆಯ ಫೋಟೋದ ಮೇಲಿತ್ತು.

ದೀಪಶ್ರೀ ಕಾಗದ ಮಡಚಿಕೊಂಡು ಆಸ್ಪತ್ರೆಗೆ ನಡೆದಳು. ಚನ್ನಾಜಮ್ಮ ಎರಡೂ ಕೈಯ ಬ್ಯಾಂಡೇಜು ದಿಂಬಿನ ಮೇಲಿಟ್ಟು ಮಲಗಿದ್ದಳು.

"ಬಂದ್ಯಾ ದೀಪವ್ವ? ಉಂಡ್ಯಾ?" ಎಂದಳು. "ನಿಮ್ಮ ಸಾವ್ಕಾರ್ರು ಬಂದಿದ್ರು. ನಾನೇ ವಾಲು ತಿರುಗ್ಸ್‌ಬುಟ್ಟೆ ಅಂತ ಹೇಳ್ತೀನಿ ಅಂದೀವ್ನಿ. ಇಲ್ದಿದ್ರೆ ನಿನ್ ಕೆಲ್ಸ ಓಯ್ತದಂತಲ್ಲ. ನನ್ ಕೈ ಎಂಗೂ ಓಯ್ತು, ನಿಂದ್ಯಾಕೆ ಓಗ್ಬೇಕು ಮಗಾ?"

ದೀಪಶ್ರೀಗೆ ತಡೆಯಲಾಗಲಿಲ್ಲ. "ನೀನು ಏನೂ ಮುಟ್ಟಿಲ್ಲ ಚನ್ನಾಜಕ್ಕ. ಮೂರಕ್ಕೆ ನಿಲ್ಬೇಕಾದ್ದು ಏಳಕ್ಕೆ ನಿಲ್ಲೋ ಹಂಗೆ ಬರ್ದವಳು ನಾನು."

"ಗೊತ್ತಿಲ್ದೆ ಆಗದೆ, ಬುಡು."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆ ಕ್ಷಮೆಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಬರಬಹುದಿತ್ತು. ದೀಪಶ್ರೀಗೆ ಅದು ಸಾಧ್ಯವಾಗಲಿಲ್ಲ.

"ಗೊತ್ತಿತ್ತು ಅಕ್ಕ. ಕಂಪ್ಯೂಟರ್ ಮೊದ್ಲೇ ಹೇಳಿತ್ತು. ನಾನೇ ಅದರ ಬಾಯಿ ಮುಚ್ಚಿಸ್ದೆ."

"ಹೇಳಿತ್ತಾ?"

ಚನ್ನಾಜಮ್ಮ ಅದೊಂದೇ ಮಾತು ಕೇಳಿದ್ದು. ಆಮೇಲೆ ನಿಧಾನಕ್ಕೆ ಗೋಡೆಯ ಕಡೆ ತಿರುಗಿಕೊಂಡಳು. ಬೈದಿದ್ದರೆ, ಶಾಪ ಹಾಕಿದ್ದರೆ ದೀಪಶ್ರೀಗೆ ಉಸಿರಾದರೂ ಬರುತ್ತಿತ್ತು.

ಮೂರು ಗಂಟೆಗೆ ಅಧಿಕಾರಿ ವಾರ್ಡಿಗೇ ಬಂದರು. ಜೊತೆಯಲ್ಲಿ ಬಸವಕುಮಾರ್. ದೀಪಶ್ರೀ ಟೈಪ್ ಮಾಡಿದ ಕಾಗದ ಕೊಡಲಿಲ್ಲ, ಕೆಂಪು ಸಾಲಿನ ಪ್ರಿಂಟು ಕೊಟ್ಟಳು.

"ಈ ಫೈಲು ನೋಡಬೇಡ ಅಂತ ಹಾಕಿದ್ದು ಯಾರು?" ಎಂದರು ಅಧಿಕಾರಿ.

"ಹೆಸರು ಅಲ್ಲೇ ಇದೆ ಸಾ. ನಾನೇ."

"ನಾಳೆಯಿಂದ ಬರ್ಬೇಡ" ಎಂದು ಬಸವಕುಮಾರ್ ಹೊರಗೆ ನಡೆದ.

ವಾಲ್ವ್ ಮುಟ್ಟಿಲ್ಲ ಎಂಬ ಚನ್ನಾಜಮ್ಮನ ಹೇಳಿಕೆಯನ್ನು ಅಧಿಕಾರಿ ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಲು ಶಾಯಿ ತೆಗೆದವರು ಬ್ಯಾಂಡೇಜು ನೋಡಿ ಅದನ್ನು ಮತ್ತೆ ಒಳಗಿಟ್ಟರು. ಬ್ಯಾಂಡೇಜು ಇಲ್ಲದಿದ್ದರೂ ಆ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿತ್ತು?

"ಹತ್ತಿರದವರು ಯಾರಾದರೂ ಸಾಕ್ಷಿ ಸಹಿ ಹಾಕಿದರೆ ಸಾಕು" ಎಂದು ಕಾಗದವನ್ನು ದೀಪಶ್ರೀ ಕಡೆ ನೀಡಿದರು. ದೀಪಶ್ರೀ ಪೆನ್ನು ತೆಗೆದಳು.

"ಅವ್ಳು ಬ್ಯಾಡ ಸಾ" ಎಂದಳು ಚನ್ನಾಜಮ್ಮ, ಗೋಡೆಯ ಕಡೆಯೇ ಮುಖವಿಟ್ಟು. "ಬ್ಯಾರೆ ಯಾರಾದ್ರೂ ಆಕ್ಲಿ."

ದೀಪಶ್ರೀ ಪೆನ್ನಿನ ಮುಚ್ಚಳ ಹಾಕಿದಳು. ನರ್ಸ್ ಬಂದು ಸಹಿ ಹಾಕಿದರು.