ಹುಳವಿಲ್ಲದ ನೀಲಂ ಹಣ್ಣು

ಕೊಳೆತ ಬಾಳೆಹಣ್ಣು ಬೆಲ್ಲದ ನೀರಿನಲ್ಲಿ ಹುಳಿಯುವಾಗ ಬರುವ ವಾಸನೆಗೆ ಬೇರೆಯವರು ಮೂಗು ಮುಚ್ಚುತ್ತಾರೆ. ನನಗೋ ಅವ್ವ ಪಕ್ಕದಲ್ಲಿ ಬಂದು ಕೂತ ಹಾಗಾಗುತ್ತದೆ. ಮೊನ್ನೆ ಚಿಂತಾಮಣಿ ಹತ್ತಿರದ ನಮ್ಮ ತೋಟದಲ್ಲಿ ನನ್ನ ತಮ್ಮ ಹಣ್ಣುನೊಣ ಹಿಡಿಯಲೆಂದು ಮಾವಿನ ಕೊಂಬೆಗಳಿಗೆ ಪ್ಲಾಸ್ಟಿಕ್ ಬಾಟಲಿ ಕಟ್ಟುತ್ತಿದ್ದ. ಒಳಗೆ ಅದೇ ಬೆಲ್ಲ, ಅದೇ ಬಾಳೆಹಣ್ಣು. ನಾನು ಒಂದಕ್ಕೆ ಮೂಗಿಟ್ಟು ನಿಂತದ್ದು ನೋಡಿ, ನೊಣಕ್ಕಿಂತ ಮೊದಲು ಅಕ್ಕನೇ ಬೀಳ್ತಾಳೆ ಎಂದು ನಕ್ಕ.

ಅವ್ವ ಅಂದರೆ ನಮ್ಮಪ್ಪನ ತಾಯಿ. ಅವಳ ಕಾಲದಲ್ಲಿ ಬಾಟಲಿಯಿಲ್ಲ, ತೆಂಗಿನ ಚಿಪ್ಪು. ಮೂರು ಕಡೆ ತೂತು ಕೊರೆದು, ದಾರ ಪೋಣಿಸಿ, ಎರಡು ದಿನ ಒಲೆಯ ಪಕ್ಕದಲ್ಲಿ ಹುಳಿ ಬರಿಸಿದ ಪಾಕ ತುಂಬಿ ತೂಗುಹಾಕುತ್ತಿದ್ದಳು. ವಾಸನೆಗೆ ಬಂದ ನೊಣ ಅದರಲ್ಲೇ ಬಿದ್ದು ಸಾಯುತ್ತಿತ್ತು. ಇಷ್ಟೆಲ್ಲ ಪಡಿಪಾಟಲು ಬಾವಿ ಪಕ್ಕದ ಒಂದೇ ಒಂದು ನೀಲಂ ಮಾವಿನ ಮರಕ್ಕೆ. ಅದನ್ನು ನೆಟ್ಟ ತಾತ ಮೊದಲ ಫಸಲಿಗೆ ಮುಂಚೆಯೇ ತೀರಿಕೊಂಡಿದ್ದರು. ಬಾದಾಮಿ, ರಸಪುರಿಯೆಲ್ಲ ಮುಗಿದ ಮೇಲೆ ನೀಲಂ ಹಣ್ಣಾಗುವುದು. ಅಷ್ಟು ಹೊತ್ತಿಗೆ ತೋಟದ ನೊಣವೆಲ್ಲ ಅದರ ಮೇಲೇ. ಹೊರಗೆ ನೋಡಿದರೆ ಬಂಗಾರ, ಕುಯ್ದರೆ ಬಿಳಿ ಹುಳ.

"ನಿಮ್ಮ ತಾತ ನೆಟ್ಟಿದ್ದು ಒಂದೇ ಒಂದು ಒಳ್ಳೆ ಹಣ್ಣು ತಿನ್ಬೇಕು ಕಣಮ್ಮ. ಆಮೇಲೆ ಹೋದ್ರೂ ಚಿಂತೆಯಿಲ್ಲ" ಎನ್ನುತ್ತಿದ್ದಳು. ಬೇರೆ ಏನನ್ನೂ ಅವಳು ಬಯಸಿದ್ದನ್ನು ನಾನು ಕೇಳಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಕಾಯಿ ಬಲಿಯುವ ಹೊತ್ತಿಗೇ, ಗೌರಿಬಿದನೂರಿನ ಅತ್ತೆಯ ಬಾಣಂತನಕ್ಕೆ ಅವ್ವ ಹೋಗಬೇಕಾಯಿತು. ಚಿಪ್ಪುಗಳ ಯಜಮಾನಿಕೆ ನನಗೆ ಬಂತು. ಏನು ಜಂಬ ನನ್ನದು! ಅವಳು ತರಿಸಿಟ್ಟಿದ್ದ ಬಾಳೆಹಣ್ಣು ವಾರದಲ್ಲೇ ಮುಗಿಯಿತು. ದೇವರ ಗೂಡಿನಲ್ಲಿ ಶನಿವಾರ ಆಂಜನೇಯನ ಗುಡಿಯಿಂದ ತಂದ ಬಾಳೆಹಣ್ಣು ಕಪ್ಪಾಗುತ್ತಿತ್ತು. ಅವ್ವ ಅದನ್ನು ಎಂದೂ ಚಿಪ್ಪಿಗೆ ಹಾಕಿದ್ದಿಲ್ಲ. ಯಾಕೆಂದು ನಾನು ಕೇಳಿದ್ದೂ ಇಲ್ಲ. ಪ್ರಸಾದಕ್ಕೆ ಶಕ್ತಿ ಜಾಸ್ತಿಯಲ್ಲವೇ ಎಂದುಕೊಂಡು ಮೂರು ಶನಿವಾರದ ಹಣ್ಣನ್ನೂ ಕಿವುಚಿ ತುಂಬಿದೆ. ದಿನಾ ಚಿಪ್ಪು ತೊಳೆದೆ, ಉದುರಿದ ಕಾಯಿ ಹೆಕ್ಕಿ ಹೂತೆ.

ನೀಲಂ ಹಣ್ಣಾಗುವ ಹೊತ್ತಿಗೆ ಅವ್ವ ವಾಪಸು ಬಂದು ಈಳಿಗೆಮಣೆ ಮುಂದೆ ಕೂತಳು. ಮೊದಲ ಹಣ್ಣಿನಲ್ಲಿ ಹುಳವಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದನ್ನು ಕುಯ್ಯುವಾಗ ಅವಳ ಕಣ್ಣು ತುಂಬಿತ್ತು. ಹೋಳನ್ನು ಕಣ್ಣಿಗೊತ್ತಿಕೊಂಡು ಬಾಯಿಯ ಹತ್ತಿರ ತಂದಳು. ಹೊಗಳಿಸಿಕೊಳ್ಳಲು ಕಾಯುತ್ತಿದ್ದ ನಾನು ತಡೆಯಲಾರದೆ ಹೇಳಿಬಿಟ್ಟೆ.

"ಪ್ರಸಾದದ ಹಣ್ಣು ಹಾಕಿದ್ದೆ ಕಣವ್ವ. ಅದಕ್ಕೇ ಹುಳ ಬಿದ್ದಿಲ್ಲ."

ಅವಳ ಕೈ ನಿಂತಿತು. ಬೈಯಲಿಲ್ಲ.

"ದೇವ್ರು ಹೊಟ್ಟೆಗೆ ಅಂತ ಕೊಟ್ಟಿದ್ದಮ್ಮ ಅದು. ಅದನ್ನ ತೋರ್ಸಿ ನೊಣಾನ ಕರ್ದು ಕೊಂದ್ವಲ್ಲ."

ಮಗು ತಿಳಿಯದೆ ಮಾಡಿದ್ದು, ನೀನು ತಿನ್ನಮ್ಮ ಎಂದು ಅಪ್ಪ ಎಷ್ಟೋ ಹೇಳಿದರು. ಮನಸ್ಸು ಕಲಕಿದರೆ ಅವ್ವನ ಬಾಯಿಗೆ ತೆಲುಗು ಬರುತ್ತಿತ್ತು. "ವದ್ದು ನಾಯನಾ" ಎಂದಳು, ಬೇಡಪ್ಪ ಎಂದು. ಮಗುವಿನದೇನೂ ತಪ್ಪಿಲ್ಲ, ತನ್ನ ಗಂಟಲಲ್ಲೇ ಇಳಿಯುವುದಿಲ್ಲ, ಮುಂದಿನ ವರ್ಷ ತಿಂದರಾಯಿತು ಎಂದು ಸಮಾಧಾನ ಮಾಡಿ, ಆ ಹೋಳನ್ನು ನನ್ನ ಬಾಯಿಗಿಟ್ಟಳು.

ಮುಂದಿನ ವರ್ಷ ನೀಲಂ ಹೂ ಬಿಡುವ ಹೊತ್ತಿಗೆ ಅವ್ವ ಇರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿದ್ದರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ. ಅವಳು ಒಂದು ಹೋಳು ನುಂಗುವಷ್ಟು ಹೊತ್ತು ಈ ಹಾಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವತ್ತು ಅದೂ ತಿಳಿಯಲಿಲ್ಲ. ಹಣ್ಣು ಅಷ್ಟು ಸಿಹಿಯಾಗಿತ್ತು. ನಾನು ಇನ್ನೊಂದು ಹೋಳು ಕೇಳಿ ತಿಂದೆ.